ಐದು ದಿನದ ದೊಡ್ಡಪತ್ರೆ

ಕೊಟ್ರವ್ವನ ದೊಡ್ಡಪತ್ರೆ ಬಜ್ಜಿ ತಿಂದವರು ಬೆರಳು ಚೀಪದೆ ಕೈ ತೊಳೆದದ್ದೇ ಇಲ್ಲ. ಕೆ.ಬಿ. ಬಡಾವಣೆಯ ಆ ಸಾಲಿನ ಅರ್ಧ ಮನೆಗಳ ಕುಂಡದಲ್ಲಿರುವುದು ಅವಳು ಮುರಿದುಕೊಟ್ಟ ಟಿಸಿಲೇ. ಚಟ್ನಿ ಅರೆಯುತ್ತಾಳೆ, ಮಜ್ಜಿಗೆಗೆ ಹಾಕುತ್ತಾಳೆ. ಆದರೆ ಕೆಮ್ಮುವ ಮಗುವಿಗೆ ಒಂದಿಷ್ಟು ರಸ ಹಿಂಡಿಕೊಡು ಅಂದರೆ ಮಾತ್ರ, "ನನ್ನ ಕೈಗುಣ ಸರಿ ಇಲ್ರವ್ವ" ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಎಷ್ಟು ಜಂಭ ಅಂದವರೂ ಉಂಟು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು!

ಸಂಗತಿ ಬೇರೆಯೇ ಇತ್ತು. ಎಲೆಯನ್ನು ಬಾಡಿಸಲು ಹೆಂಚಿನ ಮೇಲಿಟ್ಟರೆ ಸಾಕು, ಅಡುಗೆಮನೆಯ ಮೂಲೆಯಿಂದ ಎಳೆಯ ಕೆಮ್ಮೊಂದು ಅವಳಿಗೆ ಕೇಳುತ್ತಿತ್ತು, ಹಾಡಹಗಲೇ. ನಲವತ್ತು ವರ್ಷದಿಂದ. ಗಂಡನಿಗೂ ಹೇಳಿರಲಿಲ್ಲ.

ಸೋಮವಾರ ಬೆಳಗ್ಗೆ ಸೊಸೆ ಸಹನಾ ಅದೇ ಎಲೆ ಬಾಡಿಸುತ್ತಿದ್ದಳು. ನಾಲ್ಕು ವರ್ಷದ ಮಗಳು ಕೃತಿಕಾಳಿಗೆ ಮೂರು ದಿನದಿಂದ ಕೆಮ್ಮು. ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಟ್ರವ್ವ ಓಡಿಬಂದು ಬಟ್ಟಲು ಕಿತ್ತುಕೊಂಡಳು.

"ಯಾಕ್ರೀ ಅತ್ತಿ, ಅದೇನು ವಿಷಾನಾ?"

"ಬ್ಯಾಡ. ಮೊದ್ಲು ಡಾಕ್ಟ್ರತ್ರ ನಡಿ."

ಆಟೋದಲ್ಲಿ ಬಾಯಿ ಬಿಟ್ಟಳು. ಕೊಂಡಜ್ಜಿ ಹಳ್ಳಿಯಲ್ಲಿದ್ದಾಗ ಅವಳ ಚೊಚ್ಚಲ ಮಗಳು ಬಿಂದು, ಮೂರು ವರ್ಷದ ಕೂಸು, ಕೆಮ್ಮು ಹಿಡಿದು ಮಲಗಿತ್ತು. ದಿನವೂ ದೊಡ್ಡಪತ್ರೆ ಬಾಡಿಸಿ ರಸ ಹಿಂಡಿ ಕುಡಿಸುತ್ತಿದ್ದಳು. ಶುರು ಮಾಡಿದ ಮದ್ದು ಐದು ದಿನ ತುಂಬುವ ತನಕ ರೋಗಿ ಹೊಸ್ತಿಲು ದಾಟಬಾರದೆಂಬುದು ಆ ಮನೆಯ ಕಟ್ಟಳೆ. ನಾಲ್ಕನೇ ದಿನ ಉಸಿರು ಜೋರಾಗಿ ಕೂಸಿನ ಪಕ್ಕೆ ಹೊಡೆದುಕೊಳ್ಳತೊಡಗಿತು.

"ಇನ್ನೊಂದೇ ದಿನ ಐತೆ, ಮುಗಿಸಿಬಿಡಾಣ ಅಂದೆ. ಬ್ಯಾರೆ ಯಾರೂ ಅಲ್ಲ ಸಹನಾ, ನಾನೇ ಅಂದೆ. ಹರಿಹರದ ಆಸ್ಪತ್ರೆ ಮುಟ್ಟೋದ್ರಾಗೆ ಮಡಿಲಾಗೇ ತಣ್ಣಗಾಗಿತ್ತು."

ಸಹನಾ ಅತ್ತೆಯ ಕೈ ಹಿಡಿದುಕೊಂಡಳು.

ಡಾಕ್ಟರು ಕೃತಿಕಾಳ ಎದೆ ಪರೀಕ್ಷಿಸಿ ನಕ್ಕರು. "ಬರೀ ನೆಗಡಿ. ಮನೇಲಿ ದೊಡ್ಡಪತ್ರೆ ಇದ್ರೆ ಒಂದು ಚಮಚ ರಸ ಕೊಡ್ರಿ. ಉಸಿರು ಜೋರಾದ್ರೆ ಮಾತ್ರ ತಡ ಮಾಡ್ದೆ ಬರ್ರಿ."

ಮನೆಗೆ ಬಂದ ಮೇಲೆ ಸಹನಾ ಎಲೆಗಳನ್ನು ಅತ್ತೆಯ ಅಂಗೈಯಲ್ಲಿಟ್ಟಳು. "ನೀವೇ ಕೊಡ್ರಿ."

ಕೊಟ್ರವ್ವ ಹೆಂಚನ್ನು ಒಲೆಗಿಟ್ಟಳು. ಎಲೆ ಬಾಡಿಸಿದಳು, ಹಿಂಡಿದಳು, ಜೇನು ಬೆರೆಸಿದಳು. ಮೂಲೆಯಿಂದ ಕೆಮ್ಮು ಬಂತು. ಕೇಳದವಳಂತೆ ಚಮಚವನ್ನು ಮೊಮ್ಮಗಳ ಬಾಯಿಗಿಟ್ಟಳು.

ಕೃತಿಕಾ ನುಂಗಿ, ಮುಖ ಕಿವುಚಿ, ಆ ಮೂಲೆಯತ್ತಲೇ ತಿರುಗಿ ನೋಡಿದಳು.

"ಅಜ್ಜಿ, ಆ ಪಾಪುನೂ ಡಾಕ್ಟ್ರತ್ರ ಕರ್ಕಂಡು ಹೋಗಾಣ?"

ಕೊಟ್ರವ್ವ ಚಮಚ ಕೆಳಗಿಟ್ಟು ತಿರುಗಿದಳು. "ಹೋಗಬೇಕಿತ್ತವ್ವಾ," ಎಂದಳು ಆ ಮೂಲೆಗೆ, "ನಾಲ್ಕನೇ ದಿನವೇ ಹೋಗಬೇಕಿತ್ತು."