ಬಿಟ್ಟುಕೊಟ್ಟ ಪಾಳಿ

"ನಿಮ್ಮ ಹೆಸರು ತೆಗೆದಾರೆ ನಾಗಕ್ಕ," ಅಂದ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ನಡೆಸುವ ಗಿರೀಶ್.

ನಾಗಕ್ಕ ಗಂಡ ಯತ್ತಪ್ಪನ ಮುಖ ನೋಡಿದಳು. ಊದಿದ ಕಾಲೆಳೆದುಕೊಂಡು ಹಿರಿಯೂರು ಬಸ್ಸಿನಿಂದ ಇಳಿದು ಬಂದವಳಿಗೆ ಏದುಸಿರು ಇನ್ನೂ ನಿಂತಿರಲಿಲ್ಲ.

"ಯಾಕ್ರೀ ಸಾರ್?" ಯತ್ತಪ್ಪ ಕೇಳಿದ. "ವಾರವಾರನೂ ತಪ್ಪದೆ ಬರ್ತಾ ಇದೀವಲ್ರಿ."

"ಬಂದ್ರಿ. ಬಂದು ಎರಡು ಸಲ ಮಿಷಿನ್ನು ಬ್ಯಾರೆಯವರಿಗೆ ಬಿಟ್ಕೊಟ್ರಿ. ಕಂಪ್ಯೂಟರ್‌ನಾಗೆ ನಾಗಕ್ಕ ಗೈರು ಅಂತ ಬಿತ್ತು. ತಿಂಗಳಿಗೆ ಎರಡು ಗೈರಾದ್ರೆ ಪುಕ್ಕಟೆ ಸ್ಕೀಮಿನಿಂದ ಹೆಸರು ಹೋಗುತ್ತೆ. ಹೊಸ ರೂಲ್ಸು. ನನಗೂ ನಿನ್ನೆನೇ ಗೊತ್ತಾಗಿದ್ದು."

ಬಿಟ್ಟುಕೊಡು ಎಂದವನು ಯತ್ತಪ್ಪನೇ. ಚಿಕ್ಕಜಾಜೂರಿನ ಚೈತ್ರಾ, ಹಾಲು ಕುಡಿಯುವ ಕೂಸಿನ ತಾಯಿ, ಆ ಎರಡು ಸಲವೂ ಸ್ಕೀಮಿನಲ್ಲಿ ಜಾಗ ಸಿಗದೆ ಬಾಗಿಲ ಬಳಿ ಉಸಿರಿಗೆ ಒದ್ದಾಡುತ್ತಾ ಕೂತಿದ್ದಳು. ಅವನಂಥ ಕುರಿ ಕಾಯುವವರಲ್ಲಿ ಇದೇನು ದೊಡ್ಡ ಮಾತಲ್ಲ. ನೀರಿನ ತೊಟ್ಟಿಗೆ ಆಗತಾನೇ ಈದ ಕುರಿಗಳ ಮಂದೆ ಬಂದರೆ, ಪಾಳಿಯವನು ತನ್ನ ಮಂದೆಯನ್ನು ಹಿಂದಕ್ಕೆ ಹೊಡೆದು ನಿಲ್ಲುತ್ತಾನೆ. ಅವನ ಪಾಳಿ ಎಲ್ಲಿಗೂ ಓಡಿಹೋಗುವುದಿಲ್ಲ. ಇಲ್ಲಿಯೂ ಹಾಗೇ ಎಂದುಕೊಂಡಿದ್ದ, ಪುಣ್ಯಾತ್ಮ. ಕಂಪ್ಯೂಟರು ಕುರಿ ಕಾಯ್ದದ್ದಲ್ಲವಲ್ಲ.

"ಮತ್ತೀಗ?"

"ದುರ್ಗದ ದೊಡ್ಡಾಸ್ಪತ್ರೆನಾಗೆ ಹೆಸರು ಬರೆಸ್ರಿ. ಅಲ್ಲೂ ಭಾಳ ಜನ ಕಾಯ್ತಾ ಅವ್ರೆ."

"ಇವಳು ಅಲ್ಲೀಗಂಟ ತಡೀತಾಳೇನ್ರಿ? ಇವಳ ಜಾಗ ಯಾರಿಗೆ ಕೊಟ್ರಿ?"

ಗಿರೀಶ್ ಕಂಪ್ಯೂಟರಿನತ್ತ ತಲೆ ಬಗ್ಗಿಸಿದ. ಅವರ ಹಿಂದೆ ಬೆಂಚಿನ ಮೇಲಿದ್ದ ಚೈತ್ರಾ ಎದ್ದು ಬಂದಳು.

"ನನಗೇ ಬಂತು ಅಕ್ಕಾ. ಹಿಂಗಾಗುತ್ತೆ ಅಂತ ಗೊತ್ತಿರಲಿಲ್ಲ. ಇವತ್ತು ನೀವೇ ಮಲಕ್ಕಳ್ರಿ. ನಾನು ತಡ್ಕಂತೀನಿ."

ಯತ್ತಪ್ಪನ ಮುಖ ಅರಳಿತು. ಅರಳಿದ್ದಕ್ಕೆ ಅವನಿಗೇ ನಾಚಿಕೆಯೂ ಆಯಿತು.

"ಹೊಸಬರಿಗೆ ಒಂದೇ ಗೈರು ಸಾಕು ಕಣಮ್ಮ," ಗಿರೀಶ್ ತಲೆ ಎತ್ತದೆ ಹೇಳಿದ. "ನಿಮ್ಮ ಹೆಸರೂ ಹೋಗುತ್ತೆ."

ಯತ್ತಪ್ಪನಿಗೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು. ಆಗ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿದ್ದಿದ್ದರೆ ಈ ಹುಡುಗಿ ಇವತ್ತು ಇಲ್ಲಿ ನಿಂತಿರುತ್ತಿದ್ದಳೋ ಇಲ್ಲವೋ, ಅದನ್ನು ಯೋಚಿಸಲು ಅವನ ಕೈಲಾಗಲಿಲ್ಲ.

ಈ ಸಲ ನಾಗಕ್ಕ ಗಂಡನನ್ನು ಕೇಳಲಿಲ್ಲ. ಹೆಗಲ ಮೇಲಿನ ಕರಿ ಕಂಬಳಿ ತೆಗೆದು ಚೈತ್ರಾಳ ಮೈಗೆ ಸುತ್ತಿದಳು.

"ಒಳಗೆ ಥಂಡಿ ಐತೆ ಕಣವ್ವ. ಕಾಲು ಮುಚ್ಕಂಡು ಮಲಕ್ಕ. ಹೋಗು, ಹೊತ್ತಾಗುತ್ತೆ."

ಯತ್ತಪ್ಪ ಮುಂದೆ ಹೋಗಿ, ಹುಡುಗಿ ಒಳಗೆ ಹೋಗುವವರೆಗೂ ಬಾಗಿಲು ಹಿಡಿದುಕೊಂಡು ನಿಂತ.