ಕಾಲೆತ್ತದವಳು

ಎರಡನೇ ಸಲವೂ ರಬ್ಬರ್ ಕೋನುಗಳು ದಬದಬ ಉರುಳಿದವು. ಒಂದಂತೂ ಕಾರಿನ ಹೊಟ್ಟೆಯಡಿ ಸಿಕ್ಕಿಕೊಂಡು ದರದರ ಎಳೆದುಕೊಂಡೇ ಬಂತು. ಸರದಿಗೆ ಕಾಯುತ್ತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಅದು ಎಂಥ ಚಪ್ಪಾಳೆಯೆಂದು ಲಾರಿ ಡ್ರೈವರನ ಮಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವಿಮಾನ ಇಳಿಯುವುದು ನಿಂತು ಎಷ್ಟೋ ವರ್ಷವಾಗಿದ್ದ ಓಡುದಾರಿ ಅದು. ಹೊಸ ಡ್ರೈವರುಗಳಿಗೆ ಜಾರುವ ಕಾರನ್ನು ಹತೋಟಿಗೆ ತರುವುದನ್ನು ಅಲ್ಲಿ ಕಲಿಸುತ್ತಿದ್ದರು. ಕಾಂಕ್ರೀಟಿಗೆ ಪೈಪಿನಿಂದ ನೀರು ಬಿಟ್ಟಿರುತ್ತಾರೆ. ಅರವತ್ತರ ವೇಗದಲ್ಲಿ ಬಂದು, ಬಿಳಿ ಗೆರೆ ದಾಟಿದೊಡನೆ ಬ್ರೇಕು ಹಾಕಿ, ಕೋನುಗಳನ್ನು ಮುಟ್ಟದೆ ಎಡಕ್ಕೆ ಹೊರಳಿ ನಿಲ್ಲಬೇಕು. ಇಲ್ಲಿ ಪಾಸಾದ ಕಾಗದ ತಂದರೆ ಸೋಮವಾರದಿಂದ ಆಂಬ್ಯುಲೆನ್ಸ್ ನಿನ್ನದು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು ಆಸ್ಪತ್ರೆಯವರು.

ತರಬೇತಿಯ ಮಾಸ್ತರು ಕಿಟಕಿಗೆ ಬಗ್ಗಿದರು. "ಸಾಕಮ್ಮ, ಇಳಿ. ಇನ್ನೊಂದು ವರ್ಷ ರಸ್ತೇಲಿ ಓಡಿಸಿ ಬಾ."

"ಮೂರು ಸಲ ಅಂತ ನೀವೇ ಬೋರ್ಡಿಗೆ ಬರೆದಿದ್ದೀರಿ ಸಾರ್. ಎರಡಾಯ್ತು."

"ಎರಡರಲ್ಲೇ ಹಣೆಬರಹ ಕಂಡೋಯ್ತಲ್ಲ!"

"ನನ್ನ ಹಣೆ ನಿಮಗೆಲ್ಲಿ ಕಾಣುತ್ತೆ, ಹೆಲ್ಮೆಟ್ ಹಾಕಿದ್ದೀನಿ."

ಹುಡುಗರು ಈ ಸಲ ನಿಜವಾಗಿಯೇ ನಕ್ಕರು. ಮಾಸ್ತರ ಮೀಸೆಯೂ ಅಲುಗಿತು. ಆದರೆ ಬಾಗಿಲಿಗಿಟ್ಟ ಕೈಯನ್ನು ಅವರು ತೆಗೆಯಲಿಲ್ಲ. ಅತ್ತ ಬೇಲಿಗೆ ಎದೆಯೊತ್ತಿ ನಿಂತಿದ್ದ ಅಪ್ಪ ಕೂಗಿದ: "ಇಳಿ ಮಗಳೇ! ನಾಲ್ಕು ಜನದೆದುರು ಮಾನ ಕಳೀಬೇಡ!"

ಅವಳು ಇಳಿಯಲಿಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಭದ್ರವಾಗಿ ಕೂತಳು. "ಸಾರ್, ಒಂದು ಕೇಳ್ತೀನಿ. ಗಟ್ಟಿಯಾಗಿ ತುಳಿದ ತಕ್ಷಣ ಪೆಡಲು ಗಡಗಡ ನಡುಗುತ್ತೆ. ಏನೋ ಮುರೀತು ಅಂತ ಕಾಲು ಎತ್ತಿಬಿಡ್ತೀನಿ. ಈ ಗಾಡಿ ಸರಿ ಇದೆಯಾ?"

ಮಾಸ್ತರು ಅವಳನ್ನೇ ನೋಡಿದರು. "ನಿನಗೆ ಓಡಿಸೋದು ಕಲಿಸಿದ್ದು ಯಾರು?"

"ಅಪ್ಪ. ಲಾರೀಲಿ. ಒದ್ದೆ ನೆಲದಲ್ಲಿ ತುಳಿದು ಬಿಡು, ತುಳಿದು ಬಿಡು, ಅದುಮಿ ಹಿಡಿದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತೆ ಅಂತ."

"ಅಯ್ಯೋ! ಆ ತುಳಿದು ಬಿಡೋ ಕೆಲಸಾನ ಈ ಕಾರು ತಾನೇ ಮಾಡುತ್ತೆ ಕಣಮ್ಮ. ನಡುಕ ಅಂದರೆ ಅದೇ. ನೀನು ಕಾಲು ಎತ್ತಿದರೆ ಅದೂ ಕೈ ಬಿಡುತ್ತೆ."

"ಇದನ್ನ ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು?"

"ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ."

"ಎಲ್ಲರೂ ಕಾರಲ್ಲೇ ಕಲಿತಿರಲ್ಲವಲ್ಲ ಸಾರ್."

ಮಾಸ್ತರು ಬಾಗಿಲಿನಿಂದ ಕೈ ತೆಗೆದು ದಾರಿ ಬಿಟ್ಟರು.

ಬಾಯಲ್ಲಿ ಹೇಳುವುದು ಸುಲಭ. ಹದಿನಾರನೇ ವಯಸ್ಸಿನಿಂದ ಪಾದಕ್ಕೆ ಅಂಟಿದ ಪಾಠವನ್ನು ಐದು ನಿಮಿಷದಲ್ಲಿ ಕಿತ್ತು ಹಾಕುವುದೆಂದರೆ ಹಲ್ಲು ಕಿತ್ತ ಹಾಗೆ. ಕಾರು ವೇಗ ಹಿಡಿಯಿತು. ಮೂವತ್ತು, ಐವತ್ತು, ಅರವತ್ತು. ಬೇಲಿಯ ಕಡೆಯಿಂದ ಅಪ್ಪನ ಗಂಟಲು: "ಬಿಟ್ಟು ಬಿಟ್ಟು ತುಳಿಯೇ!" ಅವಳು ಗುಂಡಿ ಒತ್ತಿ ಕಿಟಕಿಯ ಗಾಜನ್ನು ಪೂರ್ತಿ ಏರಿಸಿದಳು.

ಬಿಳಿ ಗೆರೆ ಹಾದುಹೋಯಿತು. ತುಳಿದಳು. ಪೆಡಲು ಜ್ವರ ಬಂದವರಂತೆ ನಡುಗಿತು. ಮೊಣಕಾಲು ತಾನಾಗಿಯೇ ಮೇಲಕ್ಕೆ ಹೊರಟಿತು. 'ಎತ್ತಲ್ಲ, ಏನು ಮಾಡ್ಕೋತೀಯೋ ಮಾಡ್ಕೋ' ಎಂದು ಅದಕ್ಕೇ ಗದರಿ ಇನ್ನಷ್ಟು ಅದುಮಿದಳು. ಕೋನುಗಳ ಕಡೆಗೆ ಹೋಗುತ್ತಿದ್ದ ಕಣ್ಣನ್ನು ಕಿತ್ತು ಎಡಗಡೆಯ ಖಾಲಿ ಜಾಗಕ್ಕೆ ನೆಟ್ಟಳು. ಕಾರಿನ ಮೂತಿ ಕೇಳಿದ ಕಡೆ ಹೊರಳಿತು. ಬಾಲ ಒಮ್ಮೆ ಅತ್ತಿತ್ತ ಬೀಸಿತು, ಆಮೇಲೆ ಕಾರು ತೆಪ್ಪಗೆ ನಿಂತಿತು.

ಒಂದು ಕೋನೂ ಅಲುಗಲಿಲ್ಲ.

ಮಾಸ್ತರು ಬಾನೆಟ್ಟಿನ ಮೇಲೆಯೇ ಕಾಗದವಿಟ್ಟು ಸಹಿ ಹಾಕಿದರು. ಅಪ್ಪ ಬೇಲಿ ಸುತ್ತಿಕೊಂಡು ಏದುಸಿರು ಬಿಡುತ್ತ ಬಂದವನು, ಕಾಗದದ ಕಡೆ ನೋಡದೆ ಚಕ್ರದ ಕಡೆ ನೋಡಿದ.

"ಕಾಲು ಎತ್ತಲೇ ಇಲ್ವಲ್ಲೇ ನೀನು. ನಾನು ಕಲಿಸಿದ್ದು ಹಾಗಾ?"

"ಅಲ್ಲಪ್ಪ. ನೀನು ಕಲಿಸಿದ್ದು ನಿನ್ನ ಲಾರಿಗೆ ಸರಿ."

"ಮೂವತ್ತು ವರ್ಷ ಓಡಿಸಿದ್ದೀನಿ ಕಣೇ, ಒಂದು ಗೀರು ಬಿದ್ದಿಲ್ಲ!"

"ಯಾರು ಇಲ್ಲ ಅಂದರು? ಸೋಮವಾರದಿಂದ ನಾನು ಓಡಿಸ್ತೀನಿ," ಎಂದು ಅವಳು ಕಾಗದವನ್ನು ಮಡಿಸಿ ಜೇಬಿಗಿಟ್ಟಳು. "ಪಕ್ಕದಲ್ಲಿ ಕೂತು ಬಿಟ್ಟು ತುಳಿ ಬಿಟ್ಟು ತುಳಿ ಅಂತ ಹೇಳೋಕೆ ಮಾತ್ರ ಬರಬೇಡ."