ಗಾಜಿನ ಪಕ್ಕದ ಕುರ್ಚಿ

"ಹೇಗೆ ಕತ್ತರಿಸ್ಲಿ ಸ್ವಾಮಿ?"

ಕುರ್ಚಿ ಖಾಲಿಯಿತ್ತು. ಆದರೂ ಅವನು ಬಿಳಿ ಬಟ್ಟೆ ಕೊಡವಿ, ಕುರ್ಚಿಯ ಬೆನ್ನಿಗೆ ಹೊದಿಸಿ, ವಿನಯದಿಂದ ಬಾಗಿ ಕೇಳಿದ್ದ. ಹಿಂದೆ ಟವೆಲು ಮಡಿಸುತ್ತಿದ್ದ ಕ್ಷೌರದಂಗಡಿಯ ಯಜಮಾನಿ, ಕುರ್ಚಿಗೆ ಬಾಯಿ ಬರುವವರೆಗೆ ನೆಲವನ್ನಾದರೂ ಗುಡಿಸು ಎಂದರು.

ಕೇಳುವ ಪಾಠ ಹೇಳಿಕೊಟ್ಟವರು ಅವರೇ. ಜೈಲಿನಲ್ಲಿ ಕ್ಷೌರ ಕಲಿತವನಿಗೆ ಕತ್ತರಿ ಗೊತ್ತಿತ್ತು, ಬಾಚಣಿಗೆ ಗೊತ್ತಿತ್ತು, ಕೇಳುವುದು ಗೊತ್ತಿರಲಿಲ್ಲ. ಅಲ್ಲಿ ತಲೆಗಳು ಸಾಲಾಗಿ ಬಂದು ಕೂರುತ್ತಿದ್ದವು, ಸಾಲಾಗಿ ಹಗುರಾಗಿ ಏಳುತ್ತಿದ್ದವು. ಕೇಳದ ಕೈ, ಹೇಳದ ತಲೆ. ಇಲ್ಲಿಗೆ ಬಂದ ಮೊದಲ ದಿನವೇ, ತುದಿ ಮಾತ್ರ ಸರಿಮಾಡಿಸಲು ಕೂತ ಮದುಮಗನೊಬ್ಬ ಕೊಯ್ಲು ಮುಗಿದ ಹೊಲವಾಗಿ ಎದ್ದಿದ್ದ. ಆ ಮದುವೆ ಮುರಿದರೆ ಹೆಣ್ಣು ಹುಡುಕುವ ಕೆಲಸವೂ ನಿನ್ನದೇ ಎಂದು ಯಜಮಾನಿ ವಾರವಿಡೀ ಹಂಗಿಸಿದರು.

ಇನ್ನೊಂದು ರೂಢಿಯಿತ್ತು. ಒಂದು ತಲೆ ಮುಗಿದೊಡನೆ ಕತ್ತರಿಯನ್ನು ಯಜಮಾನಿಯ ಮುಂದೆ ಚಾಚಿ ನಿಲ್ಲುತ್ತಿದ್ದ. ಜೈಲಿನಲ್ಲಿ ಹಾಗೆ ಒಪ್ಪಿಸದೆ ಮುಂದಿನ ತಲೆ ಮುಟ್ಟುವಂತಿರಲಿಲ್ಲ.

"ಇದು ನಿನ್ನದೇ ಕಣಪ್ಪ, ಇಟ್ಕೋ," ಎಂದರು ಅವರು. "ಇನ್ನೊಂದ್ಸಲ ನನ್ನ ಕೈಗೆ ಕೊಟ್ರೆ ನಿನ್ನ ಮೀಸೆಗೇ ಹಾಕ್ತೀನಿ."

ಈ ಕೆಲಸ ಕೊಡಿಸಿದ್ದು ಬಿಡುಗಡೆಯಾದವರಿಗೂ ಅವರ ಮನೆಯವರಿಗೂ ನೆರವಾಗುವ ಸಂಘದ ಮೇಡಂ. ಅವನ ಹೆಂಡತಿಯ ಪಕ್ಕ ಕೂತು ಅವಳು ಅತ್ತಷ್ಟೂ ಅಳಲು ಬಿಟ್ಟು, ಆಮೇಲೆ ನಗಿಸಿ ಎದ್ದವರೂ ಅವರೇ. ಹೈಸ್ಕೂಲಿನ ಮಗಳ ಹತ್ತಿರ ಮಾತ್ರ ಅವರ ಆಟ ನಡೆಯಲಿಲ್ಲ. ನೂರು ಪ್ರಶ್ನೆಗೆ ಒಂದು 'ಹೂಂ', ಒಂದು 'ಉಹೂಂ'. ಅಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ಅವಳು ಗೋಡೆಗೆ ಹೇಳುತ್ತಿದ್ದಳು. ಊಟ ಆಗಿದೆಯಂತೆ, ಸೋಪು ಖಾಲಿಯಂತೆ. ಗೋಡೆಯ ಪುಣ್ಯ ದೊಡ್ಡದು ಎಂದುಕೊಳ್ಳುತ್ತಿದ್ದ ಅವನು.

ಅವನಿಗೆ ಕೊಟ್ಟ ಕುರ್ಚಿ ಬೀದಿಗೆ ತೆರೆದ ಗಾಜಿನ ಪಕ್ಕದಲ್ಲಿತ್ತು. ಸಂಜೆ ಶಾಲೆ ಬಿಟ್ಟಾಗ ಮಗಳು ಗೆಳತಿಯರ ಜೊತೆ ಅದೇ ಬೀದಿಯಲ್ಲಿ ಹಾಯುತ್ತಿದ್ದಳು. ಇನ್ನು ತನ್ನಿಂದ ಅವಳು ತಲೆ ತಗ್ಗಿಸುವಂತಾಗಬಾರದು, ಅವನಿಗಿದ್ದ ಆಸೆ ಅದೊಂದೇ. ಸಮವಸ್ತ್ರದ ಅಂಚು ಕಂಡರೆ ಸಾಕು, ಬೀಳದ ಬಾಚಣಿಗೆ ಹುಡುಕುತ್ತ ಮೇಜಿನ ಕೆಳಗೆ ಕೂತುಬಿಡುತ್ತಿದ್ದ. ಅರ್ಧ ಗಡ್ಡ ಹೋದ ಗಿರಾಕಿ ನೊರೆ ಹೊತ್ತು ಕನ್ನಡಿ ನೋಡುತ್ತ ಕೂರಬೇಕು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದರು ಯಜಮಾನಿ. "ನೀನು ಯಾರೂ ಏನೂ ಅನ್ನದೇನೆ ನೆಲ ಹಿಡೀತೀಯಲ್ಲೋ."

ಮಗಳು ಬೇರೆ ದಾರಿ ಹಿಡಿಯುವಂತೆ ಮೇಡಂ ಒಂದು ಮಾತು ಹೇಳಬಾರದೇ ಎಂದು ಕೇಳಿನೋಡಿದ. ತಾನು ಸಂಘದವಳು, ಅಂಚೆಯವಳಲ್ಲ, ಒಂದೇ ಮನೆಯೊಳಗಿನ ಮಾತನ್ನು ಊರೆಲ್ಲ ಸುತ್ತಿಸಬೇಡಿ ಎಂದು ಅವರು ನಕ್ಕರು.

ಆ ಸಂಜೆ ಊಟಕ್ಕೆ ಕೂತಾಗ ಅವನು ಗಂಟಲು ಸರಿಮಾಡಿಕೊಂಡ. ಮಾರುಕಟ್ಟೆಯ ಹಿಂದೆ ಒಂದು ರಸ್ತೆಯಿದೆ, ಸ್ವಲ್ಪ ದೂರವಾದರೂ ನೆರಳಿದೆ, ನಾಳೆಯಿಂದ ಗೆಳತಿಯರನ್ನು ಕರೆದುಕೊಂಡು ಆ ಕಡೆಯಿಂದ ಬಾ ಎಂದ. ಗಾಜಿನೊಳಗಿರುವವನು ಯಾರು ಎಂದು ಅವರು ಕೇಳುವ, ನೀನು ಸುಳ್ಳು ಹುಡುಕುವ ಕಷ್ಟವಿರುವುದಿಲ್ಲ ಎಂದ. ಬಡಿಸುತ್ತಿದ್ದ ಹೆಂಡತಿಯ ಸೌಟು ನಿಂತಿತು.

ಮಗಳು ತುತ್ತು ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟಳು.

"ಅವ್ರಿಗೆ ಎಲ್ಲಾ ಹೇಳಿ ಎಷ್ಟೋ ದಿನ ಆಯ್ತು. ನೀನ್ಯಾರು, ಎಲ್ಲಿದ್ದೆ, ಎಲ್ಲಾನೂ. ಈಗ ಅವರು ಕೇಳೋದು ಒಂದೇ, ನಿಮ್ಮಪ್ಪ ದಿನಾ ಮೇಜಿನ ಕೆಳಗೆ ಏನೇ ಹುಡುಕ್ತಾರೆ ಅಂತ. ಅದಕ್ಕೆ ಏನು ಹೇಳ್ಲಿ ನಾನು?"

ಅವನು ತಟ್ಟೆಯಲ್ಲಿ ಬೆರಳಾಡಿಸಿದ. ಆದರೂ ಆ ರಸ್ತೆಯಲ್ಲಿ ನೆರಳಿದೆಯಲ್ಲ ಎಂದು ಮೆಲ್ಲಗೆ ಅಂದ.

"ಬರಲ್ಲ. ನಾನು ಆ ರಸ್ತೇಲಿ ಬರಲ್ಲ."